ಇಪ್ಪತ್ತೇಳು ಸೆಕೆಂಡು

ಸೋದರತ್ತೆಯ ಬಲ ಮಣಿಕಟ್ಟು ಆರು ತಿಂಗಳಿಂದ ನೋಯುತ್ತಿತ್ತು. ಇಪ್ಪತ್ತೆರಡು ವರ್ಷ ತಮ್ಮ ಕಾಫಿ ಅಂಗಡಿಯ ಎಸ್ಪ್ರೆಸೊ ಮಷೀನಿನ ಮುಂದೆ ನಿಂತು, ಒಂದೊಂದು ಕಪ್ಪಿಗೂ ಪುಡಿ ಅದುಮಿ ಅದುಮಿ ಸವೆದ ಕೈ. ಮೊನ್ನೆ ಡಾಕ್ಟರು ಪಟ್ಟಿ ಬಿಗಿದು, ಇನ್ನು ಅದುಮುವಂತಿಲ್ಲ ಎಂದಿದ್ದೇ ತಡ, ಗುಂಡಿ ಒತ್ತಿದರೆ ಕಾಫಿ ಸುರಿಯುವ ಹೊಸ ಮಷೀನಿನ ಜಾಹೀರಾತು ಹಾಳೆಯನ್ನು ಮಾವ ಕೌಂಟರಿನ ಮೇಲೆ ಹರಡಿದರು.

"ನಾನು ಮಾಡ್ತೀನಿ" ಎಂದೆ. ಎಷ್ಟು ಮೆಲ್ಲಗೆ ಎಂದರೆ, ಎರಡನೇ ಸಲ ಹೇಳಬೇಕಾಯಿತು.

"ನಮ್ಮ ಮೌನಗೌರಿ ಬಾಯಿ ಬಿಟ್ಳಪ್ಪಾ!" ಎಂದರು ಮಾವ. "ಡೈರಿ ಬರೆದಷ್ಟು ಸುಲಭ ಅಂದ್ಕೊಂಡ್ಯೇನಮ್ಮಾ?"

ಅತ್ತೆ ನಗಲಿಲ್ಲ. "ನಾಳೆ ಬೆಳಿಗ್ಗೆ ಗಡಿಯಾರದವರಿಗೆ ನೀನೇ ಮಾಡಿಕೊಡು. ನನ್ನ ಕೈದಲ್ಲ ಅಂತ ಅವರಿಗೆ ಗೊತ್ತಾಗದಿದ್ರೆ ಈ ಮಷೀನು ನಿಂದು. ಗೊತ್ತಾದ್ರೆ, ನಿಮ್ಮ ಮಾವ ಹೇಳಿದ ಹಾಗೆ."

ಗಡಿಯಾರ ರಿಪೇರಿಯವರದು ಪಕ್ಕದ ಅಂಗಡಿ. ಎಂಟೂಕಾಲಿಗೆ ಬಂದು, ಹಾಲಿಲ್ಲದ ಎಸ್ಪ್ರೆಸೊ ಕುಡಿದು, ಎಂಟೂವರೆಗೆ ತಮ್ಮ ಬಾಗಿಲು ತೆಗೆಯುವವರು. ಅತ್ತೆಯ ಕಾಫಿಯ ರುಚಿ ಅವರ ನಾಲಿಗೆಗೆ ಬಾಯಿಪಾಠ.

ಬೆಳಿಗ್ಗೆ ಸೋನೆಮಳೆ. ಗಡಿಯಾರದವರು ಕಿಟಕಿಯ ಬಳಿ ಕೂತರು. ಅತ್ತೆ ಪಟ್ಟಿ ಕಟ್ಟಿದ ಕೈಯನ್ನು ಏಪ್ರನ್ನಿನೊಳಗೆ ಮುಚ್ಚಿಟ್ಟುಕೊಂಡು ಮಷೀನಿನ ಪಕ್ಕ ನಿಂತರು. ನಾನು ಅದರ ಹಿಂದೆ. ಎತ್ತರದ ಮಷೀನು ನನ್ನನ್ನು ಪೂರ್ತಿ ಮರೆಮಾಡಿತ್ತು. ನನಗೆ ಬೇಕಾಗಿದ್ದೂ ಅದೇ.

ಬೀಜ ಬೀಸಿ, ಪುಡಿ ಅದುಮಿ, ಪುಡಿಬಟ್ಟಲಿನ ಹಿಡಿಕೆಯನ್ನು ಮಷೀನಿಗೆ ತಿರುಗಿಸಿ ಸಿಕ್ಕಿಸಿದೆ. ಕಾಫಿ ಹನಿ ಹನಿಯಾಗಿ ತೊಟ್ಟಿಕ್ಕಿತು. ನಲವತ್ತು ಸೆಕೆಂಡು! ಬಾಯಿಗಿಟ್ಟರೆ ಸುಟ್ಟ ಕಹಿ. ಚೆಲ್ಲಿದೆ. ಗಾಬರಿಯಲ್ಲಿ ಬೀಸುವ ಯಂತ್ರವನ್ನು ದಪ್ಪ ಪುಡಿಯ ಕಡೆಗೆ ಮೂರು ಗೆರೆ ತಿರುಗಿಸಿಬಿಟ್ಟೆ. ಈ ಸಲ ಹದಿನಾರೇ ಸೆಕೆಂಡಿಗೆ ದಡದಡ ಇಳಿಯಿತು; ತೆಳು ಬಣ್ಣ, ಹುಳಿ.

"ಕೊಟ್ಬಿಡು" ಎಂದು ಪಿಸುಗುಟ್ಟಿದರು ಮಾವ. "ಸಕ್ಕರೆ ಬಿದ್ರೆ ಎಲ್ಲ ಒಂದೇ."

ಅದನ್ನೂ ಚೆಲ್ಲಿದೆ. ಗಡಿಯಾರದವರು ಗೋಡೆಯ ಮೇಲಿನ ಗಡಿಯಾರ ನೋಡಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಸುಮ್ಮನಿದ್ದರೆ ಅವರು ಹೊರಟುಹೋಗುತ್ತಾರೆ. ಬಾಯಿ ತೆರೆದರೆ ಮಾಡುತ್ತಿರುವುದು ನಾನೆಂದು ಗೊತ್ತಾಗುತ್ತದೆ. ಹಾಗಂತ ಆ ಹುಳಿನೀರನ್ನು ಅತ್ತೆಯ ಹೆಸರಿನಲ್ಲಿ ಕೊಡುವುದೇ?

ಮಷೀನಿನ ಪಕ್ಕದಿಂದ ತಲೆ ಹೊರಹಾಕಿದೆ. "ಸರ್, ಹೋಗ್ಬೇಡಿ! ಎರಡು ಸಲ ಕೆಟ್ಟುಹೋಯ್ತು. ನಾನೇ ಕೆಡಿಸಿದ್ದು. ಒಂದೇ ನಿಮಿಷ ಕೂತ್ಕೊಳಿ."

ಅಂಗಡಿಯೆಲ್ಲ ತಿರುಗಿ ನೋಡಿತು. ನನ್ನ ಕಿವಿ ಕಾದ ಹಂಚಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಗಡಿಯಾರದವರು ಮಾತ್ರ ಕೂತರು.

ಏಪ್ರನ್ನಿನ ಜೇಬಿನಿಂದ ಡೈರಿ ತೆಗೆದೆ. ಒಂದು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಬರೆದದ್ದು: ಹೊರಗಿನ ಹವೆ, ಬೀಸುವ ಯಂತ್ರದ ಗೆರೆ, ಅತ್ತೆಯ ಕಪ್ಪು ಇಳಿಯಲು ಹಿಡಿದ ಸೆಕೆಂಡು. ಅತ್ತೆಯ ಕೈ ನೋಯುವ ಮೊದಲಿನ ಜಿನುಗು ಮಳೆಯ ದಿನಗಳನ್ನು ಹುಡುಕಿದೆ. ಎಲ್ಲ ಕಡೆ ಒಂದೇ ಮಾತು: ಮಾಮೂಲಿಗಿಂತ ಒಂದೂವರೆ ಗೆರೆ ದಪ್ಪ, ಇಪ್ಪತ್ತೇಳು ಸೆಕೆಂಡು.

ತಿರುಗಿಸಿದೆ. ಬೀಸಿದೆ. ಮೊಣಕೈ ನೇರವಿಟ್ಟು ಅದುಮಿದೆ. ಕಾಫಿ ಇಲಿಯ ಬಾಲದಷ್ಟು ಸಣ್ಣಗೆ, ತುಂಡಾಗದೆ ಇಳಿಯಿತು. ಮೇಲೆ ಜೇನುಬಣ್ಣದ ನೊರೆ. ಇಪ್ಪತ್ತೇಳು ಸೆಕೆಂಡು.

ಗಡಿಯಾರದವರು ಮೂರು ಗುಟುಕಿಗೆ ಮುಗಿಸಿದರು. "ಇದು ನಿಮ್ಮ ಕೈದಲ್ಲಮ್ಮ" ಎಂದರು ಅತ್ತೆಗೆ.

"ಹುಡುಗೀನೇ ಹೇಳಿದ್ಳಲ್ಲ" ಎಂದರು ಅತ್ತೆ ಸಣ್ಣ ದನಿಯಲ್ಲಿ. ಆಮೇಲೆ ಅವರ ಕಣ್ಣು ಸಾಸರಿನ ಮೇಲೆ ನಿಂತಿತು. ಸಕ್ಕರೆಯ ಪೊಟ್ಟಣ ಹರಿಯದೆ ಹಾಗೇ ಇತ್ತು. "ಸಕ್ಕರೆ?"

"ಇವತ್ತು ಬೇಕಾಗ್ಲಿಲ್ಲ."

"ಅಂದ್ರೆ, ಇಷ್ಟು ದಿನ ಬೇಕಾಗ್ತಿತ್ತು?"

ಅವರು ಛತ್ರಿಯ ಗುಂಡಿ ತಡಕಾಡಿದರು. "ಆರು ತಿಂಗಳಿಂದ. ನೋವು ನುಂಗ್ಕೊಂಡು ಮಾಡ್ತಿದ್ರಿ, ಹೇಳೋಕೆ ಮನಸ್ಸು ಬರ್ಲಿಲ್ಲ. ಇವತ್ತಿಂದು ಮಾತ್ರ ನಿಮ್ಮ ಹಳೇ ಕಾಫಿ ಹಾಗೇ ಇತ್ತು."

ಅತ್ತೆ ಬೇಸರಪಟ್ಟಾರು ಎಂದುಕೊಂಡೆ. ಅವರು ಪಟ್ಟಿಯ ಕೈಯನ್ನು ಹೊರತೆಗೆದು ನನ್ನ ಹೆಗಲ ಮೇಲಿಟ್ಟು, ಬಾಗಿಲಾಚೆಯವರಿಗೂ ಕೇಳುವಂತೆ ಹೇಳಿದರು: "ನನ್ನಣ್ಣನ ಮಗಳು! ಎರಡು ಕಪ್ಪು ಚೆಲ್ಲಿ ಮೂರನೇದು ಕೊಟ್ಳು. ನಾನು ಆರು ತಿಂಗಳು ಕೆಟ್ಟದ್ದು ಒಂದನ್ನೂ ಚೆಲ್ಲಲಿಲ್ಲ ನೋಡಿ. ಮಷೀನು ಅವಳದೇ."

ಮಾವ ಜಾಹೀರಾತು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗುತ್ತಿದ್ದ ಮೇಜಿನ ಕಾಲಿನಡಿ ಒತ್ತುಕೊಟ್ಟರು. "ನನಗೂ ಒಂದು ಮಾಡಮ್ಮಾ. ಸಕ್ಕರೆ ಎರಡು ಚಮಚ."

"ಮೊದಲು ಹಾಗೇ ಕುಡೀರಿ ಮಾವ" ಎಂದೆ. ಎರಡನೇ ಸಲ ಹೇಳಬೇಕಾಗಲಿಲ್ಲ.