ಆರು ಗಂಟೆಗೆ ಸರಿಯಾಗಿ

“ಬರ್ತಾ ಇದ್ದಾರೆ ಮೇಡಂ, ದಾರಿಯಲ್ಲಿದ್ದಾರೆ,” ಎಂದು ತ್ರಿವಿಕ್ರಮರಾಯರು ಇಂಗ್ಲಿಷಿನಲ್ಲಿ ಎರಡನೇ ಸಲ ಹೇಳಿ, ಮತ್ತೊಮ್ಮೆ ಬಾಗಿಲ ಕಡೆ ಕತ್ತು ತಿರುಗಿಸಿದರು. ಕೌನ್ಸಿಲ್ ಸಭಾಂಗಣದಲ್ಲಿ ಸಾರ್ವಜನಿಕರಿಗೆಂದು ಹಾಕಿದ್ದ ಕುರ್ಚಿಗಳೆಲ್ಲ ಖಾಲಿ ಹೊಡೆಯುತ್ತಿದ್ದವು. ಮುಂದಿನ ಸಾಲಿನಲ್ಲಿ ಅವರೊಬ್ಬರೇ, ಮಗಳ ಮದುವೆಗೆ ಹೊಲಿಸಿದ್ದ ಕೋಟಿನಲ್ಲಿ.

ಕೊರೊನೆಟ್ ಥಿಯೇಟರನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ ಕೊಡಬೇಕೇ ಬೇಡವೇ ಎಂಬುದು ಆ ಸಂಜೆಯ ವಿಷಯ. ಅದನ್ನು ಈಗಲೂ ಬಳಸುವ ಜನ ಇದ್ದಾರೆಂದು ಕಣ್ಣಿಗೆ ಕಂಡರೆ ಒಂದಿಬ್ಬರು ಸದಸ್ಯರ ಮನಸ್ಸು ತಿರುಗೀತು ಎಂದು ಅಧ್ಯಕ್ಷೆಯೇ ಹಿಂದಿನ ವಾರ ಫೋನಿನಲ್ಲಿ ಹೇಳಿದ್ದರು. ಕನ್ನಡ ಸಂಘದ ಜನ ಬಂದು ಕೂತರೆ ಸಾಕಿತ್ತು. ಮಾತಾಡುವ ಕೆಲಸ ಹೇಗೂ ರಾಯರದು.

ರಾಯರು ಥಿಯೇಟರಿನ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಚಿನ್ನ ಅಗೆಯಲು ಮೆಲ್ಬರ್ನಿಗೆ ಬಂದವರ ಮಕ್ಕಳು ಕಟ್ಟಿಸಿದ ಮ್ಯೂಸಿಕ್ ಹಾಲ್ ಅದು. ಬಿಯರ್ ಕುಡಿಯುತ್ತ ಹಾಡು ಕೇಳುವ ಜನ, ಕಾಲೆತ್ತಿ ಕುಣಿಯುವ ಹುಡುಗಿಯರು, ತಮಾಷೆ ಸಪ್ಪೆಯಾದರೆ ಕಿತ್ತಳೆ ಸಿಪ್ಪೆ ಎಸೆಯುವ ಗ್ಯಾಲರಿ. ಆಮೇಲೆ ಸಿನಿಮಾ ಬಂತು, ಟೀವಿ ಬಂತು, ಬಿಂಗೊ ಆಡುವ ಅಜ್ಜಿಯರು ಬಂದರು. ಅವರೂ ಹೋಗಿ ಪಾರಿವಾಳಗಳ ಪಾಲಾಗಿದ್ದ ಕಟ್ಟಡದಲ್ಲಿ ಮತ್ತೆ ದೀಪ ಹಚ್ಚಿದವರು ಕನ್ನಡ ಸಂಘದವರು. ಅವರ ನಾಟಕದಲ್ಲಿ ರಾಯರು ಭೀಮ, ಸಂಘದ ಮಹಾಶ್ವೇತಾ ದ್ರೌಪದಿ. ಪರದೆಯ ಹಿಂದೆ ಕರ್ಪೂರ ಹಚ್ಚಿದ್ದಕ್ಕೆ ಫೈರ್ ಅಲಾರಂ ಹೊಡೆದುಕೊಂಡದ್ದೂ ಉಂಟು. ಇದನ್ನೆಲ್ಲ ಅವರು ಚೆನ್ನಾಗಿಯೇ ಹೇಳಿದರು. ಖಾಲಿ ಕುರ್ಚಿಗಳನ್ನು ಬೆನ್ನಿಗಿಟ್ಟುಕೊಂಡು ಎಷ್ಟು ಚೆನ್ನಾಗಿ ಹೇಳಿದರೇನು!

ಅಧ್ಯಕ್ಷೆ ಐದು ನಿಮಿಷ ಬಿಡುವು ಕೊಟ್ಟರು. ರಾಯರು ಹೊರಗೋಡಿ ಮಹಾಶ್ವೇತಾಗೆ ಫೋನ್ ಹಚ್ಚಿದರು.

“ಎಲ್ಲಿದ್ದೀಯಮ್ಮಾ?”

“ಈಗ ಟ್ರುಗನಿನಾದಲ್ಲಿ ಮನೆ ಬಿಡ್ತಾ ಇದೀವಿ ಅಂಕಲ್. ಎಲ್ಲಾ ಒಟ್ಟಿಗೇ ಹೊರಟಿದೀವಿ, ಹನ್ನೆರಡು ಕಾರು! ಯಾಕ್ ಟೆನ್ಷನ್? ಆರು ಅಂದ್ರೆ ಏಳು ಅಲ್ವಾ?”

“ಇದು ನಾಟಕ ಅಲ್ಲಮ್ಮಾ, ಕೌನ್ಸಿಲ್ಲು. ಆರು ಅಂದ್ರೆ ಆರೇ.”

“ಹಾಗಂತ ಗ್ರೂಪಲ್ಲಿ ಹಾಕ್ಬೇಕಿತ್ತಲ್ಲ ಅಂಕಲ್.”

“‘ಸರಿಯಾಗಿ’ ಅಂತ ಹಾಕಿದ್ನಲ್ಲಮ್ಮಾ.”

“ಅದು ಪ್ರತಿ ಸಲಾನೂ ಹಾಕ್ತೀರಲ್ಲ!”

ಹೌದು, ಪ್ರತಿ ಸಲವೂ ಹಾಕುತ್ತಿದ್ದರು. ನಮ್ಮ ಜನ ಹೊತ್ತಿಗೆ ಬಂದಾರೆಯೇ ಎಂದು ಏಳರ ನಾಟಕಕ್ಕೆ ಆರೆಂದು ಅಚ್ಚು ಹಾಕಿಸುವ ಜಾಣತನ ರಾಯರದೇ. ಜನರೇನು ದಡ್ಡರೇ, ಎರಡೇ ವರ್ಷದಲ್ಲಿ ಕಲಿತರು. ಏಳಕ್ಕೂ ತುಂಬದಿದ್ದರೆ, “ತಡೀರಪ್ಪ, ಜನ ಬರ್ತಿದ್ದಾರೆ,” ಎಂದು ಪರದೆ ಹಗ್ಗ ಹಿಡಿದು ನಿಲ್ಲುತ್ತಿದ್ದವರೂ ಅವರೇ. ಇಲ್ಲಿ ಹಿಡಿದುಕೊಳ್ಳಲು ಹಗ್ಗವಿರಲಿಲ್ಲ.

ಒಳಗೆ ಬರುವಷ್ಟರಲ್ಲಿ ಕೈಗಳು ಮೇಲೆದ್ದಿದ್ದವು. ಕೆಡವಬಹುದು ಎಂದವರು ಐವರು, ಬೇಡವೆಂದವರು ನಾಲ್ವರು. ಅಧ್ಯಕ್ಷೆ ರಾಯರ ಮುಖ ನೋಡದೆ ಮುಂದಿನ ವಿಷಯ ಓದಿದರು. ಯಾವುದೋ ಬೀದಿಯ ಕಸದ ಡಬ್ಬಿಗಳ ವಿಷಯ.

ರಾಯರು ಹೊರಗೆ ಮೆಟ್ಟಿಲ ಮೇಲೆ ಬಂದು ನಿಂತರು. ಎಷ್ಟೋ ಹೊತ್ತಿನ ಮೇಲೆ ಮೊದಲ ಕಾರು ಬಂತು. ರೇಷ್ಮೆ ಸೀರೆಯುಟ್ಟ ಮಹಾಶ್ವೇತಾ ಕಿಟಕಿ ಇಳಿಸಿದಳು. ಅವಳ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬ, ಹಿಂದಿನ ಸೀಟಿನಲ್ಲಿ ಮಕ್ಕಳು, ಮಕ್ಕಳ ಕೈಯಲ್ಲಿ ‘ಕೊರೊನೆಟ್ ಉಳಿಸಿ’ ಎಂದು ಬರೆದ ರಟ್ಟು.

“ಶುರುವಾಗೋಯ್ತಾ ಅಂಕಲ್?”

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಅವಳ ಹಿಂದೆ ಇನ್ನೊಂದು ಕಾರು ತಿರುಗಿತು, ಅದರ ಹಿಂದೆ ಮತ್ತೊಂದು. ದಾರಿ ಕಟ್ಟಿಹೋಗಿ ಹಿಂದಿನಿಂದ ಹಾರ್ನ್ ಕೇಳಿಸಿತು. ಅವರು ಒಂದು ಮೆಟ್ಟಿಲು ಇಳಿದು, ಪ್ರತಿ ನಾಟಕದ ದಿನ ಮಾಡುತ್ತಿದ್ದಂತೆಯೇ ಕೈಯೆತ್ತಿ, ಕಾರು ನಿಲ್ಲಿಸಲು ಜಾಗವಿರುವ ಕಡೆ ತೋರಿಸಿದರು.