ಚಿಕ್ಕತಾಯಿಯ ಸೊಂಟದ ನಾಲ್ಕು ಚುಕ್ಕೆ

ನಾನು ಒಂದು ಸೂಜಿ. ಬಟ್ಟೆ ಹೊಲಿಯುವುದಲ್ಲ, ಜ್ವರಕ್ಕೆ ಚುಚ್ಚುವುದೂ ಅಲ್ಲ. ಮೂಳೆ ಕೊರೆದು ಒಳಗಿನ ಮಜ್ಜೆಯನ್ನು ಹೊರಗೆಳೆಯುವುದು ನನ್ನ ಕೆಲಸ. ಪೀಣ್ಯದ ಒಂದು ಶೆಡ್ಡಿನಲ್ಲಿ, ಲೇತ್ ಯಂತ್ರದ ಮೇಲೆ, ಕಿವಿಗಡಚಿಕ್ಕುವ ಸದ್ದಿನ ನಡುವೆ ಹುಟ್ಟಿದೆ. ತುಕ್ಕು ಹಿಡಿಯದ ಉಕ್ಕು ನಾನು. ಈ ಮಾತು ನೆನಪಿರಲಿ. ಮುಂದೆ ನನ್ನ ಮಾನ ಹೋದದ್ದು ಇದೇ ವಿಷಯಕ್ಕೆ.

ನನ್ನ ಜೊತೆಯವರೆಲ್ಲ ಆಸ್ಪತ್ರೆಗಳಿಗೆ ಹೋದರು. ನಾನು ಅಳತೆಯಲ್ಲಿ ಸಣ್ಣವಳು. ಹಾಗಾಗಿ ಊರಾಚೆಯ ಸಂಶೋಧನಾಲಯವೊಂದಕ್ಕೆ ಬಂದೆ. ಅಲ್ಲಿ ಕೋತಿಗಳಿದ್ದವು.

ಮಜ್ಜೆಯಲ್ಲಿ ಮೂಲಕೋಶಗಳಿರುತ್ತವಂತೆ. ಗಾಜಿನಂಥ ತಟ್ಟೆಯಲ್ಲಿ ಬೆಳೆಸಿದರೆ ಅವು ಮೂಳೆಯೂ ಆಗಬಲ್ಲವು, ಕೊಬ್ಬೂ ಆಗಬಲ್ಲವು. ಅವನ್ನು ಬೆಳೆಸುತ್ತಿದ್ದವಳು ತನುಜಾ, ಪಿಎಚ್‌ಡಿ ಹುಡುಗಿ. ಕೋತಿಗಳನ್ನು ನೋಡಿಕೊಳ್ಳುತ್ತಿದ್ದವನು ಕೋಲಾರದ ಕಡೆಯ ಮುನಿಯಲ್ಲಪ್ಪ. ಹದಿನೇಳನೇ ನಂಬರಿನ ಹೆಣ್ಣು ಕೋತಿಯನ್ನು ಅವನು ಚಿಕ್ಕತಾಯಿ ಎಂದು ಕರೆಯುತ್ತಿದ್ದ. ಶನಿವಾರ ಚಪ್ಪಲಿ ಬಿಟ್ಟೇ ಅದರ ಗೂಡಿನ ಹತ್ತಿರ ಹೋಗುತ್ತಿದ್ದ.

ಪ್ರಯೋಗಗಳಿಗೆ ಅನುಮತಿ ಕೊಡುವ ಕಮಿಟಿಯೊಂದಿತ್ತು, ಅದರ ನಿಯಮ ಸರಳ. ಒಂದು ಕೋತಿಯಿಂದ ಮೂರು ಸಲ ಮಾತ್ರ ಮಜ್ಜೆ ತೆಗೆಯಬಹುದು. ಮೂರೂ ಸರಿಯಾಗಿ ಬಂದರೆ ಆ ಕೋತಿಗೆ ಬಿಡುಗಡೆ. ಹಿಂದುಗಡೆ ದೊಡ್ಡ ಬಲೆಮನೆಯಿದೆ, ಅದರೊಳಗೊಂದು ಹೊಂಗೆಮರ. ಚಿಕ್ಕತಾಯಿ ತನ್ನ ಕಬ್ಬಿಣದ ಗೂಡಿನಿಂದ ಆ ಮರವನ್ನೇ ನೋಡುತ್ತಿತ್ತು.

ಎರಡು ಸಲ ನಾನು ಅದರ ಸೊಂಟದ ಮೂಳೆಗೆ ಇಳಿದೆ. ಇಂಜೆಕ್ಷನ್ ಕೊಟ್ಟು ಮಲಗಿಸುತ್ತಾರೆ, ನಿಜ. ಆದರೂ ಮೂಳೆ ಬಿಟ್ಟುಕೊಡುವ ಕ್ಷಣ ಒಂದು ಸಣ್ಣ ಕಿರುಗುಟ್ಟು ಇದೆ. ಅದು ತನುಜಾಳ ಅಂಗೈಗೆ ಗೊತ್ತು, ನನಗೆ ಗೊತ್ತು.

ಮೂರನೆಯದು ಆಯುಧಪೂಜೆಯ ಮರುವಾರಕ್ಕಿತ್ತು. ಪೂಜೆಯ ದಿನ ಮುನಿಯಲ್ಲಪ್ಪ ತಕ್ಕಡಿಗೆ, ಫ್ರಿಜ್ಜಿಗೆ, ಸೂಕ್ಷ್ಮದರ್ಶಕಕ್ಕೆ, ಕೊನೆಗೆ ಕಸ ಗುಡಿಸುವ ಪೊರಕೆಗೂ ಕುಂಕುಮ ಇಟ್ಟ. ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿದ ಪೊಟ್ಟಣದೊಳಗೆ ನಾನು ಮಲಗಿದ್ದೆ. ಪೊಟ್ಟಣದ ಮೇಲಿನ ಪಟ್ಟಿ ಬಿಸಿಗೆ ಕಪ್ಪಾಗಿತ್ತು. ಕಪ್ಪಾಗಿದ್ದರೆ ಶುದ್ಧ ಎಂದರ್ಥ. ಅವನು ಪಟ್ಟಿ ಬಿಡಿಸಿದ. ನನ್ನ ತುದಿಗೆ ಕುಂಕುಮ ಇಟ್ಟು, ಕೈಮುಗಿದು, ಮಡಿಪಂಚೆಯ ಅಂಚಿನಿಂದ ಒರೆಸಿ, ಅದೇ ಪಟ್ಟಿಯನ್ನು ಮತ್ತೆ ಅಂಟಿಸಿಬಿಟ್ಟ.

ನಾನು ಕೂಗಿದೆ. ಉಕ್ಕಿನ ಕೂಗು ಯಾರಿಗೆ ಕೇಳುತ್ತದೆ!

ಮೂರನೇ ಸಲದ ಮಜ್ಜೆ ಚೆನ್ನಾಗಿಯೇ ಬಂತು. ನಾಲ್ಕನೇ ದಿನ ತಟ್ಟೆಗಳೆಲ್ಲ ಮಬ್ಬಾದವು, ಮೇಲೆ ಬೂಷ್ಟು. ತನುಜಾಳ ಮಾರ್ಗದರ್ಶಕ ಡಾಕ್ಟರ್ ರಘೋತ್ತಮ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದರು.

“ಉಪ್ಪಿನಕಾಯಿ ಹಾಕಿದ್ದೀಯಾ ಏನಮ್ಮ? ಕಮಿಟಿಗೆ ಬರಿ, ನಾಲ್ಕನೇ ಸಲಕ್ಕೆ ಪರ್ಮಿಷನ್ ಕೇಳು. ಹಾಳಾಗಿದ್ದು ಹೇಗೆ ಅಂತ ಕಾರಣಾನೂ ಬರಿ.”

ಗೂಡು ತೊಳೆಯುತ್ತಿದ್ದ ಮುನಿಯಲ್ಲಪ್ಪನ ಕೈಯಿಂದ ಪೈಪು ಜಾರಿತು. ಅವರು ಹೋಗುವವರೆಗೆ ಕಾದು ಅವನು ಒಳಗೆ ಬಂದ.

“ಮೇಡಮ್ಮಾ, ಇನ್ನೊಂದ್ಸಲ ಚುಚ್ತೀರಾ ಅದಕ್ಕೆ?”

“ಇನ್ನೇನ್ ಮಾಡ್ಲಿ? ಏನ್ ತಪ್ಪಾಯ್ತೋ ಗೊತ್ತಾಗ್ತಿಲ್ಲ ಮುನಿಯಲ್ಲಪ್ಪನೋರೇ. ಮೂರ್ ರಾತ್ರಿ ನಿದ್ದೆಗೆಟ್ಟು ಬೆಳೆಸಿದ್ದೆ.”

“ನಿಮ್ದಲ್ಲ ತಪ್ಪು. ನಾನು… ಪೊಟ್ಣ ಬಿಚ್ಚಿ ಸೂಜಿಗೆ ಕುಂಕುಮ ಇಟ್ಟಿದ್ದೆ.”

ತನುಜಾ ಸ್ಟೂಲು ಎಳೆದುಕೊಂಡು ಕುಳಿತಳು. “ಅಯ್ಯೋ, ಪೊರಕೆವರೆಗೂ ಇಟ್ರಲ್ಲ! ಸಾಕಾಗ್ಲಿಲ್ವಾ ನಿಮ್ಗೆ? ಇದನ್ನೂ ಬಿಚ್ಬೇಕಿತ್ತಾ?”

“ಅದಕ್ಕೆ ನೋವಾಗ್ದಿರ್ಲಿ ಅಂತ ಇಟ್ಟೆ ಕಣಮ್ಮಾ. ಕೊನೇ ಸಲ ಅಲ್ವಾ ಅಂತ.”

ಚಿಕ್ಕತಾಯಿ ಗೂಡಿನ ಸರಳನ್ನು ಒಂದೇ ಸಮ ಅಲ್ಲಾಡಿಸುತ್ತಿತ್ತು. ತನುಜಾ ಕಂಪ್ಯೂಟರ್ ಮುಂದೆ ಕುಳಿತು ಎರಡು ಸಲ ಬರೆದು ಅಳಿಸಿದಳು. ನಿಜ ಬರೆದರೆ ಮುನಿಯಲ್ಲಪ್ಪನ ಕೆಲಸ ಹೋಗುತ್ತದೆ. ಕೊನೆಗೆ ಒಂದೇ ಸಾಲು ಬರೆದಳು: ಸೂಜಿ ಹಳೆಯದಾಗಿ ಒಳಭಾಗದಲ್ಲಿ ತುಕ್ಕು ಹಿಡಿದಿತ್ತು.

ತುಕ್ಕು! ನನಗೆ!

ನನ್ನೊಳಗೆ ಇಣುಕಿ ನೋಡಿದವರು ಒಬ್ಬರೂ ಇಲ್ಲ. ಕಮಿಟಿ ಒಪ್ಪಿತು, ಹೊಸ ಸೂಜಿ ಬಂತು, ಪ್ಲಾಸ್ಟಿಕ್ ಹಿಡಿ ಇರುವಂಥದು, ಒಮ್ಮೆ ಬಳಸಿ ಎಸೆಯುವಂಥದು. ನಾಲ್ಕನೇ ಸಲ ಅದೇ ಇಳಿಯಿತು. ನಾನು ತನುಜಾಳ ಮೇಜಿನ ಡ್ರಾಯರಿನ ಕತ್ತಲಲ್ಲಿ ಕ್ಲಿಪ್ಪುಗಳ ನಡುವೆ ಬಿದ್ದು, ಗೋಡೆಯಾಚೆಯ ಆ ಕಿರುಗುಟ್ಟಿಗಾಗಿ ಕಿವಿಗೊಟ್ಟಿದ್ದೆ. ಕೇಳಲಿಲ್ಲ. ಕೇಳಿದ್ದು ಮುನಿಯಲ್ಲಪ್ಪನ ದನಿ ಮಾತ್ರ: “ಮಲಕ್ಕೊ ನಮ್ಮವ್ವಾ, ಆಯ್ತು, ಮುಗೀತು.” ಅರಿವಳಿಕೆಯಲ್ಲಿದ್ದ ಕೋತಿಗೆ ಅವನು ಹೇಳುತ್ತಲೇ ಇದ್ದ.

ಕೋಶಗಳು ಬೆಳೆದವು. ಚಿಕ್ಕತಾಯಿ ಹೊಂಗೆಮರಕ್ಕೆ ಹೋಯಿತು.

ಮುಂದಿನ ಆಯುಧಪೂಜೆಗೆ ತನುಜಾ ನನ್ನನ್ನು ಡ್ರಾಯರಿನಿಂದ ತೆಗೆದು ಮುನಿಯಲ್ಲಪ್ಪನ ಕೈಗಿಟ್ಟಳು. “ತಗೊಳ್ಳಿ. ಇದಕ್ಕೆ ಎಷ್ಟ್ ಬೇಕೋ ಅಷ್ಟ್ ಮೆತ್ಕೊಳ್ಳಿ. ಬೇರೆ ಪೊಟ್ಟಣ ಮುಟ್ಟೀರಾ ಜೋಕೆ!” ಅವನು ನಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡ.

ಈಗ ನಾನು ಕಿಟಕಿಯ ಕಟ್ಟೆಯ ಮೇಲೆ, ದೇವರ ಪಟದ ಪಕ್ಕ ಇದ್ದೇನೆ. ಮೈತುಂಬ ಕುಂಕುಮ, ಮಾಡಲು ಕೆಲಸವಿಲ್ಲ. ಹೊರಗೆ ಬಲೆಮನೆ ಕಾಣುತ್ತದೆ. ಚಿಕ್ಕತಾಯಿ ಕೊಂಬೆಯ ಮೇಲೆ ಕುಳಿತು ಆಗಾಗ ಸೊಂಟ ಕೆರೆದುಕೊಳ್ಳುತ್ತದೆ. ಕೂದಲು ಸರಿದಾಗ ನಾಲ್ಕು ಚುಕ್ಕೆ. ಮೂರು ನನ್ನವು. ನಾಲ್ಕನೆಯದು ನನ್ನದಲ್ಲ ಎಂದು ದಿನವೂ ಹೇಳಿಕೊಳ್ಳುತ್ತೇನೆ. ಮುನಿಯಲ್ಲಪ್ಪನೂ ಬಾಳೆಹಣ್ಣು ಹಿಡಿದು ಬಲೆಯ ಹೊರಗೆ ನಿಂತಾಗ ಅವನ ಕಣ್ಣು ಅದೊಂದರ ಮೇಲೆಯೇ ಇರುತ್ತದೆ. ಚಿಕ್ಕತಾಯಿ ಅವನ ಕೈಯಿಂದ ಹಣ್ಣು ತೆಗೆದುಕೊಳ್ಳುವುದಿಲ್ಲ. ಅವನು ಬಲೆಯ ಕಂಡಿಯಿಂದ ಒಳಗೆ ನೆಲದ ಮೇಲಿಟ್ಟು ದೂರ ಸರಿದ ಮೇಲೆ ಇಳಿದು ಬರುತ್ತದೆ.