ತಾಮ್ರಕ್ಕೆ ಹಚ್ಚಿದ ಗ್ರೀಸು

ನನ್ನ ಮೇಸ್ತ್ರಿ ಗಾಬಿರ್ ಉಸ್ತಾ ದೋಣಿ ಕಟ್ಟುವ ಜಾಗದಲ್ಲಿ ನಾನು ಮಾಡುವ ವೆಲ್ಡಿಂಗಿಗೆ ಇರುವುದು ಅವನಪ್ಪನ ಕಾಲದ ಡೈನಮೊ. ಡೀಸೆಲ್ ಎಂಜಿನ್ ತಿರುಗಿಸಿದಾಗ ಒಳಗಿನ ಸುರುಳಿಯಲ್ಲಿ ಕರೆಂಟು ಒಮ್ಮೆ ಅತ್ತ, ಒಮ್ಮೆ ಇತ್ತ ಓಡುತ್ತದೆ. ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಜೋಡಿಸಿದ ಉರುಳೆ, ಅದಕ್ಕೆ ಸ್ಪ್ರಿಂಗು ಒತ್ತಿಹಿಡಿದ ಇದ್ದಿಲ ತುಂಡುಗಳು. ಒಳಗೆ ದಿಕ್ಕು ಬದಲಾಗುವಾಗ ಇದ್ದಿಲ ಕೆಳಗಿನ ಪಟ್ಟಿಯೂ ಬದಲಾಗುತ್ತದೆ, ಅದಕ್ಕೇ ಹೊರಗಿನ ಕೇಬಲ್ಲಿಗೆ ಒಂದೇ ದಿಕ್ಕಿನ ಕರೆಂಟು. ಇದ್ದಿಲು ತಾಮ್ರಕ್ಕೆ ತಾಗಬೇಕು. ತಾಗದಿದ್ದರೆ ಒಳಗೆ ಎಷ್ಟು ಹುಟ್ಟಿದರೂ ನನ್ನ ಕೈಯ ರಾಡಿಗೆ ಸೊನ್ನೆ. ಇದನ್ನು ತಿಳಿಯೋದಕ್ಕೆ ಕಾಲೇಜು ಬೇಕೇನ್ರೀ?

ಉಸ್ತಾ ಏನು ಮಾಡಿದ ಗೊತ್ತಾ? ದೋಣಿಯ ಯಜಮಾನ ಮಿತ್ವಲ್ಲಿ ಎಂಬವನು ಕೆಲಸ ನೋಡಲು ಬಂದಾಗ ಇದ್ದಿಲು ಕಿರ್ರೆಂದಿತು. ಮರ್ಯಾದೆ ಹೋಯಿತೆಂದು ಆ ತಾಮ್ರಕ್ಕೆ ಗ್ರೀಸು ಬಳಿದ. ಸದ್ದು ನಿಂತಿತು, ಕರೆಂಟೂ ನಿಂತು ನಿಂತು ಬಂತು. ದೋಣಿಯ ತಳದ ತಗಡಿಗೆ ನಾನು ಹಾಕಿದ ಬೆಸುಗೆ ಮೇಲೆ ಮಾತ್ರ ಕೂತಿತು, ಒಳಗೆ ಹಿಡಿಯಲಿಲ್ಲ.

ಗ್ರೀಸು ಒರೆಸಿ ಮತ್ತೆ ಹಾಕೋಣ ಅಂದೆ. ನಾಳೆ ದೋಣಿ ನೀರಿಗಿಳಿಯಬೇಕು, ಬಣ್ಣ ಬಳಿ ಅಂದ. ಆ ದೋಣಿಯಲ್ಲಿ ಬಲೆ ಎಳೆಯಲು ಹೋಗುವವನು ನನ್ನಣ್ಣ ಸುಬ್ಹಿ, ಅದು ಗೊತ್ತಿದ್ದೂ ಉಸ್ತಾ ಹಾಗಂದ.

"ನೀನೇನ್ ಇಂಜಿನಿಯರ್ರೇನೋ ಶಹ್ತಾ? ಮೇಷ್ಟ್ರು ಕಿವಿ ಹಿಂಡಿ ಓಡಿಸಿದ ಮುಖ ನಿಂದು."

ಬಣ್ಣ ಅವನೇ ಬಳಿದ.

ಮರುದಿನ ದೋಣಿ ಇಳಿಸುವ ಮುನ್ನ ಬಲಿ ಕೊಡಲು ಕುರಿ ತಂದು ಕಟ್ಟಿದ್ದರು. ಅದರ ರಕ್ತದಲ್ಲಿ ಅಂಗೈ ಅದ್ದಿ ದೋಣಿಯ ಮೂತಿಗೆ ಒತ್ತಿದರೆ ಮುಗೀತು, ಆಮೇಲೆ ಯಾರೂ ದೋಣಿಯನ್ನು ತಡೆಯುವಂತಿಲ್ಲ. ಮಿತ್ವಲ್ಲಿ ಕುರಿ ಕೊಯ್ಯಲು ಅಂಗಿಯ ತೋಳು ಮಡಚುತ್ತಿದ್ದ. ನಾನು ಚಾಣ, ಸುತ್ತಿಗೆ ಹಿಡಿದು ತಳಕ್ಕೆ ನುಗ್ಗಿದೆ. ಉಸ್ತಾ ನನ್ನ ಕಾಲು ಹಿಡಿದೆಳೆದ. ಅವನನ್ನು ಒದ್ದೆ. ಎರಡೇ ಏಟಿಗೆ ಬೆಸುಗೆ ಹಪ್ಪಳದ ಹಾಗೆ ಎದ್ದು ಬಂತು. ಸಂದಿಯಲ್ಲಿ ಬೆಳಕು ಕಂಡಿತು.

ಹೊಟ್ಟೆಕಿಚ್ಚಿಗೆ ಒಡೆದುಬಿಟ್ಟ ಎಂದು ಉಸ್ತಾ ಊರಿಗೆಲ್ಲ ಕೇಳುವಂತೆ ಹೇಳಿದ. ಮಿತ್ವಲ್ಲಿ ಬಗ್ಗಿ, ಆ ಸಂದಿಗೆ ಚಾಕುವಿನ ತುದಿ ತೂರಿಸಿದ. ಅದು ಸಲೀಸಾಗಿ ಆಚೆ ಹೋಯಿತು.

"ಕುರಿ ಬಿಚ್ರೋ," ಅಂದ.

ಉಸ್ತಾನ ಬಳಿಯ ನನ್ನ ಕೆಲಸ ಅಲ್ಲಿಗೆ ಹೋಯಿತು. ಮೀನಿನ ಹಂಗಾಮು ತಪ್ಪಿತೆಂದು ಸುಬ್ಹಿ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಡಲಿ. ನಾನು ಕರಗುವವನಲ್ಲ. ಈಗ ಎದುರಿಗೇ ಕೂತು, ಮುಖ ತಿರುಗಿಸಿಕೊಂಡು, ನನ್ನ ತಟ್ಟೆಯ ರೊಟ್ಟಿಯನ್ನೂ ಮುರಿದು ತಿನ್ನುತ್ತಿದ್ದಾನೆ.